ಕಹಿ ಹತ್ತದ ಬೇವು

ಉದಗೀರದ ಕಾಳಿನ ಪೇಟೆ ಮೊಂಢಾದ ಹಿಂದಿನ ಓಣಿಯಲ್ಲಿ, ಹೊಸ್ತಿಲ ಮೇಲೆ ಸದಾ ತೊಗರಿಯ ಧೂಳು ಕೂರುವ ಮನೆಯೊಂದರ ಪಡಸಾಲೆಯಲ್ಲಿ ಅತ್ತೆ ಸೊಸೆ ಇಬ್ಬರೂ ಕಡಲೆಬೇಳೆ ಹಸನು ಮಾಡುತ್ತ ಕುಳಿತಿದ್ದರು. ಮನೆಯ ಹಿರಿಯ ವಿಶ್ವನಾಥಪ್ಪನವರು ಕೊರೊನಾದ ಎರಡನೆಯ ಅಲೆಯಲ್ಲಿ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ನಾಡಿದ್ದು ಅವರ ಪುಣ್ಯಸ್ಮರಣೆ. ಈ ಬೇಳೆ ಆ ದಿನದ ಹೋಳಿಗೆಗೆ. ಅತ್ತೆ ಕುಸುಮಬಾಯಿಯವರ ಬೆರಳೂ ಸೊಸೆ ಅನುರಾಧಾಳ ಬೆರಳೂ ಕಲ್ಲು ಹುಡುಕುತ್ತಿದ್ದವು. ಒಳಕೋಣೆಯ ಬಾಗಿಲ ಸಂದಿನಿಂದ ಅನುರಾಧಾಳ ಹಸಿರು ಟ್ರಂಕು ಕಾಣುತ್ತಿತ್ತು. ಅದಕ್ಕೆ ಆಗಲೇ ಬೀಗ ಬಿದ್ದಿತ್ತು.

"ಅಂದ್ರ ಖರೇನ ಹೋಗ್ತಿ?" ಎಂದು ಕುಸುಮಬಾಯಿ ಕೇಳಿದರು.

"ವರ್ಷದ ಕಾರ್ಯ ಆಗೋತನಕ ಇರ್ತೀನಿ ಅಂದಿದ್ನಲ್ರೀ ಅತ್ತೀ. ಆದ ಮರುದಿನ ತವರಿಗಿ, ಯೆಣೆಗೂರಿಗಿ ಹೋಗ್ತೀನಿ. ಅಲ್ಲಿ ಸಾಲ್ಯಾಗ ಸಣ್ಣ ಹುಡುಗೂರಿಗಿ ಕಲಸ್ಲಾಕ ಕರ್ದಾರ."

"ಮತ್ತ ಯಾವಾಗ ಬರ್ತಿ?"

ಅನುರಾಧಾ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು. "ಈ ಸಲದ ಬ್ಯಾಳ್ಯಾಗ ಭಾಳ ಕಲ್ಲ ಅವರೀ," ಎಂದಳು.

ಹೊರಗೆ ಮೋಟರ್ ಸೈಕಲ್ ನಿಂತ ಸದ್ದಾಯಿತು. ಅನುರಾಧಾ ಯಾರೂ ಹೇಳದೆಯೇ ಎದ್ದು ಹಿತ್ತಲಿಗೆ ಹೋದಳು. ಕುಸುಮಬಾಯಿಯ ಮಗ ರವಿಕಾಂತ ಒಳಗೆ ಬಂದು ಕೈಕಾಲು ತೊಳೆದು ಕುಳಿತ. ತಾಯಿಯೇ ಎದ್ದು ಬಡಿಸಿದರು. ಅವನು ಒಂದು ವರ್ಷದಿಂದ ಹೆಂಡತಿಯ ಕೈಯಿಂದ ಊಟವಿರಲಿ, ಒಂದು ಲೋಟ ನೀರನ್ನೂ ತೆಗೆದುಕೊಂಡಿರಲಿಲ್ಲ. ಕೆಟ್ಟ ಮನುಷ್ಯನಲ್ಲ. ಆಕೆಗೆ ತಲೆನೋವೆಂದು ತಿಳಿದರೆ ಗುಳಿಗೆ ತಂದು ಯಾರಿಗೂ ಹೇಳದೆ ಗೂಡಿನಲ್ಲಿಟ್ಟು ಹೋಗುತ್ತಿದ್ದ. ಒಮ್ಮೆ ಕುಸುಮಬಾಯಿ ಬೈದಾಗ, "ನನಗ ಸಿಟ್ಟಿಲ್ಲ ಅವ್ವ. ಆಕೀ ಕೈ ನೋಡಿದ್ರ ಅಪ್ಪ ನೆನಪಾಗ್ತಾರ, ತುತ್ತು ಒಳಗ ಇಳಿಯಲ್ಲ" ಎಂದಿದ್ದ.

ಆ ರೋಗವನ್ನು ಮನೆಯೊಳಗೆ ತಂದವಳು ಅನುರಾಧಾ ಎಂದು ಎಲ್ಲರೂ ನಂಬಿದ್ದರು. ನಂಬಲು ಕಾರಣವೂ ಇತ್ತು. ಹೋದ ವರ್ಷ ಯೆಣೆಗೂರಿನಲ್ಲಿ ಅವಳ ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅವಳು ಹೋಗಿ ಆರೈಕೆ ಮಾಡಿ, ಪಾಡವಾದ ದಿನ, ಅಂದರೆ ಯುಗಾದಿಯ ಮಧ್ಯಾಹ್ನ, ಉಮರ್ಗಾದಿಂದ ಬಂದ ಎಸ್.ಟಿ. ಬಸ್ಸಿನಿಂದ ಇಳಿದು ಮನೆ ಸೇರಿದಳು. ಅದರ ಬೆನ್ನಿಗೇ ಮಾವನಿಗೆ ಜ್ವರ ಹತ್ತಿತು. ತಪಾಸಣೆ ಮಾಡಿಸಿದರೆ ರವಿಕಾಂತ ಒಬ್ಬನನ್ನು ಬಿಟ್ಟು ಮೂವರಿಗೂ ರೋಗ. ಅನುರಾಧಾಳಿಗೆ ಕೆಮ್ಮು. ಕುಸುಮಬಾಯಿಗಂತೂ ಜ್ವರವೂ ಇಲ್ಲ, ಕೆಮ್ಮೂ ಇಲ್ಲ, ಬರೀ ನಿಶ್ಶಕ್ತಿ.

ಕುಸುಮಬಾಯಿಗೆ ಅದು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಆ ಮನೆಯಲ್ಲಿ ಗಂಡ ಉಂಡೆದ್ದ ತಾಟಿನಲ್ಲೇ ಹೆಂಡತಿ ಉಣ್ಣುವುದು ಹಿಂದಿನಿಂದ ಬಂದ ರೂಢಿ. ಕುಸುಮಬಾಯಿ ಲಾತೂರಿನಲ್ಲಿ ಬಿ.ಎ. ಓದಿದವರು, ಮದುವೆಯಾದ ಹೊಸದರಲ್ಲಿ ಇದು ಅವರಿಗೆ ಅಷ್ಟು ಸರಿ ಬಂದಿರಲಿಲ್ಲ. ಆದರೆ ಗಂಡ ಪ್ರತಿದಿನ ಹೋಳಿಗೆಯ ಮೆತ್ತನೆಯ ನಡುಭಾಗವನ್ನೋ ಬದನೆಕಾಯಿಯ ಎಣ್ಣೆಗಾಯಿಯನ್ನೋ ತಾಟಿನ ಒಂದು ಮಗ್ಗುಲಿಗೆ ಸರಿಸಿಟ್ಟು ಏಳುತ್ತಾರೆ ಎಂಬುದು ಗಮನಕ್ಕೆ ಬಂದ ಮೇಲೆ, ಬೇರೆ ತಾಟಿನ ಊಟವೇ ಅವರಿಗೆ ರುಚಿಸದಾಯಿತು. ಹೀಗಾಗಿ ಎಲ್ಲರ ಲೆಕ್ಕ ಒಂದೇ: ಸೊಸೆಯಿಂದ ಮಾವನಿಗೆ, ಮಾವನ ತಾಟಿನಿಂದ ಅತ್ತೆಗೆ. ತಾಟು ಯಾವ ದಿಕ್ಕಿಗೆ ಹೋಗುತ್ತಿತ್ತೋ ರೋಗವೂ ಅದೇ ದಿಕ್ಕಿಗೆ ಹೋಗಿರಬೇಕು ಎಂದುಕೊಂಡರು.

ವಿಶ್ವನಾಥಪ್ಪನವರನ್ನು ಲಾತೂರಿನ ಆಸ್ಪತ್ರೆಗೆ ಒಯ್ದರು. ಮನೆಯ ಬಾಗಿಲಿಗೆ ಪುರಸಭೆಯವರು ಚೀಟಿ ಹಚ್ಚಿದರು. ಓಣಿಯವರು ಆ ಬದಿಯಿಂದ ನಡೆಯುವುದನ್ನೇ ಬಿಟ್ಟರು. ಮೊಂಢಾದಲ್ಲಿ ಕಾಳು ತೂಗುವ ಗುರಣ್ಣ ಮಾತ್ರ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಹಾಲು, ಮೆಂತ್ಯೆ ಸೊಪ್ಪು ಇಟ್ಟು, ದೂರ ನಿಂತು, "ಬಾಯೀ, ಬೆಕ್ಕು ಬರೂದ್ರಾಗ ಒಳಗ ಒಯ್ರಿ!" ಎಂದು ಕೂಗಿ ಹೋಗುತ್ತಿದ್ದ. ಆಸ್ಪತ್ರೆಯಲ್ಲಿ ಸೋನಾಲಿ ಎಂಬ ನರ್ಸು, ರೋಗಿಗಳ ಮೈಮೇಲಿನದೆಲ್ಲ ತೆಗೆಯಬೇಕೆಂಬ ನಿಯಮವಿದ್ದರೂ, ಕೊರಳಿನ ಲಿಂಗವನ್ನು ಬಿಳಿ ಪಟ್ಟಿಯಲ್ಲಿ ಸುತ್ತಿ ಅವರ ಮುಂಗೈಗೆ ಕಟ್ಟಿದ್ದಳು. ಫೋನು ಮಾಡಿ, ಬಾಬಾರ ಲಿಂಗ ಅವರ ಕೈಯಲ್ಲೇ ಇದೆ ಅಜ್ಜಿ, ಚಿಂತೆ ಮಾಡಬೇಡಿ ಎಂದು ಮರಾಠಿಯಲ್ಲಿ ಹೇಳಿದ್ದಳು. ಅವರು ಹೋದರು. ರೂಢಿಯಂತೆ ಕೂರಿಸಿ ಮಣ್ಣು ಕೊಡಲಾಗಲಿಲ್ಲ. ಚೀಲದಲ್ಲಿ ಮಲಗಿಸಿಯೇ ಇಳಿಸಿದರು. ಆದರೆ ಕೈಯಲ್ಲಿ ಲಿಂಗವಿತ್ತು. ಆ ಹುಡುಗಿಯ ಮುಖವನ್ನು ಕುಸುಮಬಾಯಿ ಇಂದಿಗೂ ಕಂಡಿಲ್ಲ. ಪ್ರತಿದಿನ ಪೂಜೆಯಲ್ಲಿ ಅವಳ ಹೆಸರನ್ನೂ ಒಮ್ಮೆ ನೆನೆಯುತ್ತಾರೆ.

ಮಾಕಣಿಯಲ್ಲಿದ್ದ ವಿಶ್ವನಾಥಪ್ಪನವರ ತಂಗಿ ರಂಭಾಬಾಯಿಗೆ ಅಣ್ಣನ ಮುಖವನ್ನೂ ನೋಡಲಾಗಲಿಲ್ಲ. ಆಕೆ ಫೋನಿನಲ್ಲಿ ಅತ್ತು, ಎಲ್ಲರೂ ಕೇಳುವಂತೆ ಅಂದಿದ್ದು ಒಂದೇ ಮಾತು: "ನಮ್ಮಣ್ಣಗ ಈ ಬ್ಯಾನಿ ತಂದಾಕಿ ಕೈ ಸೇದಿ ಹೋಗ್ಲಿ!" ಅಂದಿನಿಂದ ಅನುರಾಧಾ ಬಡಿಸುವುದನ್ನು ಬಿಟ್ಟಳು. ಒಂದು ದಿನವೂ ಎದುರು ಮಾತಾಡಲಿಲ್ಲ. ಅದನ್ನೂ ಜನ ತಪ್ಪೊಪ್ಪಿಗೆ ಎಂದೇ ತಿಳಿದರು.

ಸಂಜೆ ಮಗಳು ಮನೀಷಾ ಬಂದಳು. ಲಾತೂರಿನ ಒಂದು ಪ್ರಯೋಗಶಾಲೆಯಲ್ಲಿ ಅವಳಿಗೆ ಕೆಲಸ. ಬಿಸಿಲು ಇಳಿದ ಮೇಲೆ ತಾಯಿ ಮಗಳು ಮಾಳಿಗೆಯ ಮೇಲೆ ಚಾಪೆ ಹಾಸಿ ಕುಳಿತರು. ದೂರದಲ್ಲಿ ಕಿಲ್ಲೆಯ ಬುರುಜಿನ ಮೇಲೆ ಇನ್ನೂ ಬೆಳಕಿತ್ತು. ಕುಸುಮಬಾಯಿ ಒಣಗಿದ ಹಪ್ಪಳ ಜೋಡಿಸಿಡುತ್ತಿದ್ದರು.

"ಎರಡು ವರ್ಷ ಆಯ್ತು, ನೀ ಅಲ್ಲಿ ಏನ್ ಮಾಡ್ತಿ ಅಂಬೋದು ನನಗ ಇನ್ನೂ ಬರೋಬ್ಬರಿ ತಿಳಿದಿಲ್ಲ ನೋಡು," ಎಂದರು.

"ಮಂದಿ ಉಗುಳು ನೋಡ್ತೀನಿ," ಎಂದು ಮನೀಷಾ ನಕ್ಕಳು. "ಎಂ.ಎಸ್ಸಿ. ಓದಿಸಿದ್ರಲ್ಲ, ಅದಕ್ಕ."

"ಥೂ!"

"ಖರೇ ಅವ್ವ. ಸಣ್ಣ ನಳಿಗ್ಯಾಗ ಉಗುಳಿಸ್ತೀವಿ. ಆ ಉಗುಳಿನಾಗ ವೈರಸ್ ಎಷ್ಟು ಅವ ಅಂತ ಮಷೀನ್ಯಾಗ ಲೆಕ್ಕಾ ತಗೀತೀವಿ. ಕೆಲವರದಾಗ ಕಮ್ಮಿ ಇರ್ತಾವ. ಕೆಲವರ ಒಂದು ಹನಿಯಾಗ ಇಡೀ ಮೊಂಢಾದಾಗಿನ ಕಾಳಿಗಿಂತ ಹೆಚ್ಚಿರ್ತಾವ. ಯಾರ ಬಾಯಾಗ ಹೆಚ್ಚು ಇರ್ತಾವೋ ಅವರಿಂದ ಲಗೂ ಹರಡ್ತದ. ಹೊಸ ಹೊಸ ತಳಿ ಬಂದಾಗ ಅದೂ ಬದಲಾಗ್ತದ."

ತಳಿ ಎಂಬ ಮಾತಿಗೆ ಕುಸುಮಬಾಯಿಗೆ ಗಂಡನ ನೆನಪಾಯಿತು. ಮೊದಲ ವರ್ಷ ಮಗಳು ಫೋನಿನಲ್ಲಿ ಹೀಗೆಯೇ ಏನೋ ಹೇಳಿದಾಗ ಅವರು, "ಅಂದ್ರ ಜ್ವಾಳ ಒಂದ, ಆದ್ರ ಮಾಲದಂಡಿ ಬ್ಯಾರೆ, ಹೈಬ್ರಿಡ್ ಬ್ಯಾರೆ ಅಂದ್ಹಂಗ. ತಿಳೀತು, ತಿಳೀತು" ಎಂದು ತಾವೇ ಕಂಡುಹಿಡಿದವರಂತೆ ಮೀಸೆಯಡಿ ನಕ್ಕಿದ್ದರು.

"ನಿಮ್ಮಪ್ಪಾರಿಗಿ ಬಂದಿದ್ದು ಯಾವ ತಳಿ?"

"ಹೋದ ವರ್ಷದ್ದು ಭಾಳ ಕೆಟ್ಟದ್ದಿತ್ತವ್ವ. ಮೊದಲಿಂದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಳೀತಿತ್ತು. ಈ ವರ್ಷ ಸಂಕ್ರಮಣಕ್ಕ ಬಂದದ್ದು ಇನ್ನೊಂದು. ಅದು ಓಣಿಗಿ ಓಣಿನೇ ಹರಡಿತು, ಆದ್ರ ಅಷ್ಟು ಜೀವ ತಗೀಲಿಲ್ಲ." ಮನೀಷಾ ಒಂದು ಹಪ್ಪಳ ಎತ್ತಿ ತಾಯಿಗೆ ಕೊಟ್ಟಳು. "ಇದರಾಗ ಮೋಸ ಏನಂದ್ರ, ಜ್ವರ ಬಂದಾಗ ಎಲ್ಲಾರೂ ದೂರ ಸರೀತೀವಿ. ಖರೇ ಅಂದ್ರ ಉಗುಳಿನಾಗ ಅದು ತುಂಬಿರೋದು ಶುರುವಿನಾಗ, ಎಷ್ಟೋ ಸಲ ಜ್ವರ ಬರೂಕಿಂತ ಮೊದಲ. ಮನುಷ್ಯಾ ನೆಟ್ಟಗ ಇರ್ತಾನ, ಉಣ್ತಾನ, ಮಾತಾಡ್ತಾನ. ಹತ್ರ ಕುಂತು ಗಟ್ಟಿಯಾಗಿ ಮಾತಾಡಿದ್ರ ಸಾಕು, ಹಾಡು ಹೇಳಿದ್ರ ಸಾಕು."

"ಮತ್ತ ತಿಳಿಯೋದು ಹ್ಯಾಂಗ?"

"ಕೆಲವರಿಗಿ ತಿಳಿಯೋದೇ ಇಲ್ಲ. ಕೆಲವರಿಗಿ ಎಲ್ಲಾಕಿಂತ ಮೊದಲ ರುಚಿ ಹೋಗ್ತದ. ಜ್ವರ ಇಲ್ಲ, ಏನಿಲ್ಲ, ನಾಲಿಗಿ ಮಾತ್ರ ಸತ್ಹೋಗಿರ್ತದ. ಉಪ್ಪು ತಿಳಿಯಲ್ಲ. ಹಾಗಲಕಾಯಿ ತಿಂದ್ರೂ ಕಹಿ ಹತ್ತಲ್ಲ."

ಕುಸುಮಬಾಯಿಯ ಕೈಯಲ್ಲಿದ್ದ ಹಪ್ಪಳ ಕೈಯಲ್ಲೇ ಉಳಿಯಿತು.

ಹೋದ ವರ್ಷದ ಪಾಡವಾದ ಬೆಳಗು. ಬಾಗಿಲಿಗೆ ಗುಡಿ ಏರಿಸಿ ಆಗಿತ್ತು. ಬೇವಿನ ಎಳೆಚಿಗುರು, ಬೆಲ್ಲ, ಅಜವಾನ ಕೂಡಿಸಿ ಕುಟ್ಟಿ, ಒಬ್ಬೊಬ್ಬರ ಅಂಗೈಗೆ ಒಂದೊಂದು ಉಂಡೆ. ರವಿಕಾಂತ ನೀರಿನೊಂದಿಗೆ ನುಂಗಿದ. ವಿಶ್ವನಾಥಪ್ಪನವರು ಮುಖ ಕಿವುಚಿ, ಕಣ್ಣು ಮುಚ್ಚಿ, ಎದೆ ತಟ್ಟಿಕೊಂಡರು. ಕುಸುಮಬಾಯಿ ಮಾತ್ರ ಸಾವಕಾಶ ಅಗಿದು ನುಂಗಿ, "ಈ ಸಲ ಬೇವು ಕಹಿನೇ ಹತ್ತಲಿಲ್ಲ ನೋಡ್ರೀ" ಎಂದಿದ್ದರು.

"ಅಂದ್ರ ಈ ವರ್ಷ ನಿನಗ ಬರೀ ಬೆಲ್ಲ," ಎಂದು ಅವರು ನಕ್ಕಿದ್ದರು. "ಪುಣ್ಯವಂತಿ ಇದ್ದಿ. ನಿನ್ನ ಪಾಲಿಂದೂ ಕಹಿ ಎಲ್ಲಾ ನನಗ ಬಂದದ."

ಅವರ ಎಡಗಿವಿ ಮಂದವಾಗಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ಪ್ರತಿದಿನ ಬೆಳಿಗ್ಗೆ ಕುಸುಮಬಾಯಿ ಅವರ ಬಲಮಗ್ಗುಲಿಗೆ ಆತು ಕುಳಿತು, ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಆ ದಿನವೂ ಓದಿದರು. ಅದರ ಹಿಂದಿನ ದಿನವೂ. ಅದಕ್ಕೂ ಮೊದಲು, ಊರು ಇನ್ನೂ ಪೂರ್ತಿ ಬಂದ್ ಆಗಿರದಾಗ, ನಿಲಂಗಾಕ್ಕೆ ಅಕ್ಕ ಮೀರಾಬಾಯಿಯ ಮರಿಮೊಮ್ಮಗನ ತೊಟ್ಟಿಲಿಗೆ ಹೋಗಿಬಂದಿದ್ದರು. ಬಾಗಿಲು ಹಾಕಿದ ಪಡಸಾಲೆಯಲ್ಲಿ, ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಹೆಂಗಸರೆಲ್ಲ ಸೇರಿ ಜೋಗುಳ ಹಾಡಿದ್ದರು. ಕುಸುಮಬಾಯಿಯ ಕಂಠ ಚೆನ್ನಾಗಿದೆಯೆಂದು ಇನ್ನೊಂದು, ಇನ್ನೊಂದು ಎಂದು ಹಾಡಿಸಿದ್ದರು. ಆಮೇಲೆ ಆ ಮನೆಯಲ್ಲೂ ಜ್ವರವೆಂದು ಸುದ್ದಿ ಬಂದಿತ್ತು. ಆದರೆ ಆ ದಿನಗಳಲ್ಲಿ ಯಾರ ಮನೆಯಲ್ಲಿ ಜ್ವರವಿರಲಿಲ್ಲ?

"ಅವ್ವ? ಏನಾಯ್ತು?"

"ಏನಿಲ್ಲ. ಗಾಳಿ ಬಿಟ್ಟದ. ಹಪ್ಪಳ ಹಾರ್ತಾವ, ಒಳಗ ಒಯ್ಯೋಣ ನಡಿ."

ಅಡುಗೆಮನೆಯಲ್ಲಿ ಅನುರಾಧಾ ಒಬ್ಬಳೇ ಇದ್ದಳು. ಕುಸುಮಬಾಯಿ ಹೋಗಿ ಬಾಗಿಲ ಬಳಿ ನಿಂತರು.

"ಅನು, ಹೋದ ವರ್ಷ ಪಾಡವಾದ ದಿನ ನೀ ಯೆಣೆಗೂರಿಂದ ಬಂದು ಉಂಡಿದ್ದಿ. ಅವತ್ತಿನ ಕಟ್ಟಿನ ಸಾರು ಹ್ಯಾಂಗಿತ್ತು?"

ಅನುರಾಧಾಳ ಕೈ ನಿಂತಿತು. "ಛಲೋ ಇತ್ತಲ್ರೀ."

"ಉಪ್ಪು?"

"ನೆನಪಿಲ್ರೀ ಅತ್ತೀ. ವರ್ಷ ಆಯ್ತು."

ಆ ಮನೆಯಲ್ಲಿ ಅಡುಗೆ ಮಾಡುವವರು ರುಚಿ ನೋಡುವಂತಿರಲಿಲ್ಲ. ಮೊದಲು ಲಿಂಗಕ್ಕೆ ತೋರಿಸಬೇಕು. ತೋರಿಸಿದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಯಾರೂ ಹೆಸರಿಡುವಂತಿಲ್ಲ. ಉಪ್ಪು ಹೆಚ್ಚಾಗಲಿ, ಕಮ್ಮಿಯಾಗಲಿ, ಒಂದು ಅಗುಳೂ ಚೆಲ್ಲದೆ ಉಂಡು, ತಾಟಿನಲ್ಲಿ ಕೊನೆಗೆ ಉಂಡವರು ಅದಕ್ಕೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದು ಏಳಬೇಕು. ಕುಸುಮಬಾಯಿ ಕೈಯಳತೆಯಲ್ಲೇ ಉಪ್ಪು ಹಾಕಿ ಬದುಕು ಕಳೆದವರು. ಆದರೆ ಪಾಡವಾದ ದಿನ ಸಾರು ಕುದಿಯುವಾಗ, ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದು ಇನ್ನೊಮ್ಮೆ ಹಾಕಿದ್ದು ಅವರಿಗೆ ಈಗ ಚೆನ್ನಾಗಿ ನೆನಪಾಯಿತು. ಆ ಸಾರನ್ನು ತಾವೂ ಉಂಡಿದ್ದರು. ಏನೂ ಅನ್ನಿಸಿರಲಿಲ್ಲ.

"ನನ್ನ ಮುಖ ನೋಡಿ ಹೇಳು ಯವ್ವಾ."

ಅನುರಾಧಾ ತಿರುಗಲಿಲ್ಲ. ಗೋಡೆಗೆ ಹೇಳುವಂತೆ ಹೇಳಿದಳು. "ಬಾಯಾಗ ಇಡ್ಲಾಕ ಬರಲಾರದಷ್ಟು ಇತ್ತರೀ."

"ಅಂದ್ರ ನೀ ಮನಿಗಿ ಬರೂಕಿಂತ ಮೊದಲ ನನ್ನ ನಾಲಿಗಿ ಹೋಗಿತ್ತು. ಹೌದಿಲ್ಲೋ? ನಿನಗ ಇದು ಯಾವಾಗ ತಿಳೀತು?"

"ಮಾವನವರಿಗಿ ದವಾಖಾನಿಗಿ ಹಾಕಿದಾಗ. ಡಾಕ್ಟರ್ ಫೋನ್ ಮಾಡಿ ಕೇಳಿದ್ರು, ಮನ್ಯಾಗ ಯಾರಿಗರೆ ಮೊದಲ ರುಚಿ ಹೋಗಿತ್ತೇನಂತ. ಆಗ ಸಾರು ನೆನಪಾಯ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಲ್ಲ ಅಂದೆ."

"ಇಡೀ ವರ್ಷ ಮಂದಿ ಬಾಯಿಗಿ ಬಿದ್ದಿ. ಗಂಡ ನಿನ್ನ ಕೈ ನೀರೂ ಬಿಟ್ಟ. ಒಂದ ಮಾತ್ ಹೇಳಬಾರದೇನ?"

"ಹ್ಯಾಂಗ ಹೇಳ್ಲಿ? ಅವರು ಹೋದ ಮ್ಯಾಲ ನೀವು ಅನ್ನ ನೀರು ಬಿಟ್ಟು ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ರಿ. ಅಂಬಲಿ ವಾಟಿ ಹಿಡಕೊಂಡು ನಾ ಕುಂದರ್ತಿದ್ದೆ. ಅಂಥಾದ್ರಾಗ, ನಿಮ್ಮಿಂದ ಬಂತು ಅಂತ ಹೇಳಿದ್ರ ನೀವು ಉಳೀತಿದ್ರೇನು? ಬೈದ್ರ ನನಗ ಬೈಲಿ, ನಾ ತಡಕೋತೀನಿ ಅಂದ್ಕೊಂಡೆ." ಅವಳ ದನಿ ಸಣ್ಣದಾಯಿತು. "ಇಷ್ಟ ದಿನ ತಡಕೋಬೇಕಾಗ್ತದ ಅಂತ ಗೊತ್ತಿರಲಿಲ್ರೀ. ಈಗ ಆಗವಲ್ದು. ಅದಕ್ಕ ಹೊಂಟೀನಿ."

ಕುಸುಮಬಾಯಿಗೆ ಆ ಅಂಬಲಿ ನೆನಪಾಯಿತು. ಆರಿ ಹೋದರೆ ಮತ್ತೆ ಕಾಸಿ ತರುತ್ತಿದ್ದ ಕೈ ನೆನಪಾಯಿತು. ಆ ಕೈ ಸೇದಿ ಹೋಗಲಿ ಎಂಬ ಶಾಪ ಕೇಳಿದಾಗ ತಾವು ಪಕ್ಕದಲ್ಲೇ ಇದ್ದು ಸುಮ್ಮನಿದ್ದುದೂ ನೆನಪಾಯಿತು.

"ಮನೀಷಾಗ ಹೇಳ್ತೀನಿ. ಎಲ್ಲಾರಿಗೂ ಹೇಳ್ತೀನಿ," ಎಂದರು.

"ಬ್ಯಾಡ್ರೀ!" ಅನುರಾಧಾ ಈಗ ತಿರುಗಿದಳು. "ನಾ ಹ್ಯಾಂಗೂ ಹೋಗಾಕಿ. ನೀವು ಈ ಮನ್ಯಾಗ ಇರಬೇಕು. ಮಾಕಣಿ ಆತ್ಯಾರ ಬಾಯಿ ನಿಮಗ ಗೊತ್ತಿಲ್ಲೇನು? ಜಾವೂ ದೇ ಅತ್ತೀ, ಬಿಟ್ಟುಬಿಡ್ರಿ."

ಕುಸುಮಬಾಯಿ ನೆಟ್ಟಗೆ ಮಗಳ ಬಳಿಗೆ ಹೋದರು. ಮನೀಷಾಳಿಗೆ ಹೇಳಿದಾಗ ಅವಳು ತಾಯಿಯ ಎರಡೂ ಕೈ ಹಿಡಿದುಕೊಂಡು, "ಅವ್ವ, ನಿನ್ನಿಂದನ ಬಂತು ಅಂತ ನಾ ಆಣಿ ಮಾಡಿ ಹೇಳಲಾರೆ. ಅಪ್ಪಗ ಮೊಂಢಾದಾಗೂ ಹತ್ತಿರಬಹುದು. ಯಾರಿಂದ ಬಂದ್ರೂ ಅದು ತಪ್ಪಲ್ಲ" ಎಂದು ಮತ್ತೆ ಮತ್ತೆ ಹೇಳಿದಳು.

"ತಪ್ಪಲ್ಲ ಅಂತ ನನಗ ಹೇಳ್ಲತ್ತಿ. ಅನುಗ ಯಾರರೆ ಹೇಳಿದ್ರೇನು?" ಎಂದು ಕುಸುಮಬಾಯಿ ಕೇಳಿದರು.

ಪುಣ್ಯಸ್ಮರಣೆಯ ದಿನ ಬೆಳಿಗ್ಗೆಯೇ ರಂಭಾಬಾಯಿ ಮಾಕಣಿಯಿಂದ ಬಂದಿಳಿದರು. ಅಣ್ಣನಿಗೆ ಪ್ರೀತಿಯೆಂದು ಅಣೆಕಟ್ಟಿನ ಕಡೆಯ ಹೊಲದ ಎಳೆ ಸೌತೆಕಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದರು. ಫೋಟೋದ ಮುಂದೆ ಅವನ್ನಿಟ್ಟು, "ಈಗ ಯಾರಿಗಿ ತರಲಿ ಅಣ್ಣಾ" ಎಂದು ಅತ್ತರು. ಕೇಳಿದವರ ಕಣ್ಣಲ್ಲೂ ನೀರು ಬಂತು. ಪೂಜೆ ಮುಗಿಸಿ ಮಠದ ಅಯ್ಯನವರು ಉಂಡು ಹೋದರು. ಹೊರಗಿನವರ ಪಂಕ್ತಿ ಮುಗಿದು ಮನೆಯವರೇ ಕೂತಾಗ ಮಧ್ಯಾಹ್ನ ಇಳಿದಿತ್ತು. ಅನುರಾಧಾ ನೀರಿನ ತಂಬಿಗೆ ತಂದು ರಂಭಾಬಾಯಿಯ ಮುಂದಿಟ್ಟಳು.

ರಂಭಾಬಾಯಿ ತಂಬಿಗೆಯನ್ನು ಬೆರಳ ತುದಿಯಿಂದ ಅತ್ತ ಸರಿಸಿ ಅತ್ತಿಗೆಯ ಕಡೆ ತಿರುಗಿದರು. "ವೈನಿ, ನೀವ ಒಂದು ವಾಟಿ ನೀರು ಕೊಡ್ರಿ. ಈಕಿ ಮನಿಗಿ ತಂದಿದ್ದು ಒಮ್ಮೆ ಸಾಕಾಗ್ಯಾದ."

ರವಿಕಾಂತ ತಲೆ ಎತ್ತಲಿಲ್ಲ. ಅನುರಾಧಾ ತಂಬಿಗೆ ಎತ್ತಿಕೊಳ್ಳಲು ಬಗ್ಗಿದಳು.

"ಇರ್ಲಿ, ಎತ್ತಬ್ಯಾಡ," ಎಂದರು ಕುಸುಮಬಾಯಿ. ಬಡಿಸುತ್ತಿದ್ದವರು ಸಾರಿನ ಪಾತ್ರೆ ಕೆಳಗಿಟ್ಟು ಕುಳಿತುಬಿಟ್ಟರು. "ರಂಭಾ, ನಿನ್ನ ಅಣ್ಣಗ ಬ್ಯಾನಿ ಈಕಿ ತರಲಿಲ್ಲ. ತಂದಿದ್ರ ನಾ ತಂದೀನಿ. ನಿಲಂಗಾದ ತೊಟ್ಟಿಲಿಂದ. ಈಕಿ ಈ ಹೊಸ್ತಿಲ ದಾಟೂಕಿಂತ ಮೊದಲ ನನ್ನ ಬಾಯಾಗ ಅದಿತ್ತು. ಅವರ ಕಿವಿಗಿ ಬಾಯಿ ಹಚ್ಚಿ ದಿನಾ ಪೇಪರ್ ಓದಿದಾಕಿ ನಾನು."

ರಂಭಾಬಾಯಿ ಅಲ್ಲವೆಂದು ತಲೆಯಾಡಿಸಿದರು. "ಸೊಸೀಗಿ ಉಳಸ್ಕೊಳ್ಳಾಕ ಏನರೆ ಹೇಳಬ್ಯಾಡ್ರಿ ವೈನಿ. ನಿಮ್ಮ ಮನಸ್ಸು ದೊಡ್ಡದು, ನನಗ ಗೊತ್ತದ. ನಿಮಗ ಜ್ವರಾ ಬಂದಿತ್ತೇನು? ಅವನ ತಾಟಿನಾಗ ಉಂಡು ನಿಮಗ ಬಂತು. ಊರಿಗೇ ಗೊತ್ತದ."

"ಜ್ವರ ಬರಲಿಲ್ಲ. ರುಚಿ ಹೋಗಿತ್ತು. ಪಾಡವಾದ ಬೇವು ಕಹಿ ಹತ್ತಲಿಲ್ಲ. ಸಾರಿಗಿ ಎರಡು ಸಲ ಉಪ್ಪು ಹಾಕಿದ್ದೆ, ನನಗ ತಿಳೀಲೇ ಇಲ್ಲ."

"ಈಗ ಹೇಳಾಕ ಏನ್ರೀ? ಯಾರ್ ನೋಡ್ಯಾರ?"

ಆಗ ರವಿಕಾಂತ ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟ. "ನಾ ಉಂಡೀನಿ," ಎಂದ.

ಎಲ್ಲರೂ ಅವನತ್ತ ತಿರುಗಿದರು. ಅವನು ತಾಯಿಯನ್ನಾಗಲಿ ಹೆಂಡತಿಯನ್ನಾಗಲಿ ನೋಡದೆ, ಗೋಡೆಯ ಮೇಲಿನ ಫೋಟೋ ನೋಡುತ್ತ ಹೇಳಿದ. "ಆ ಸಾರು ನಾ ಉಂಡೀನಿ. ಅಪ್ಪ ಮತ್ತ ನಾ ಜೋಡಿನೇ ಕುಂತಿದ್ವಿ. ಮೊದಲ ತುತ್ತಿಗೇ ಗಂಟಲ ಉರೀತು. ಬಾಯಿ ತಗದು ಅವ್ವಗ ಹೇಳ್ಬೇಕಂತ ಮಾಡ್ದೆ. ಅಪ್ಪ ನನ್ನ ಕಡಿ ನೋಡಿ, ಸುಮ್ನಿರು ಅಂತ ಕಣ್ಣಿಂದ ಹೇಳಿದ್ರು. ತಾವು ಎರಡು ಸಲ ಹಾಕಿಸ್ಕೊಂಡು ಉಂಡ್ರು. ತಾಟು ತೊಳ್ದು ಆ ನೀರೂ ಕುಡಿದ್ರು. ಅವ್ವ ಒಳಗ ಹೋದಾಗ ನನ್ನ ಕಿವ್ಯಾಗ ಅಂದ್ರು, ಹಬ್ಬದ ದಿನ ಒಬ್ಬಾಕಿನೇ ಬೆಳತನಕ ದುಡದಾಳ, ಹೆಸರ ಇಡಬಾರದೋ ಅಂತ." ಅವನು ಎಂಜಲುಗೈಯನ್ನು ತಾಟಿನ ಅಂಚಿಗೆ ಒರೆಸಿದ. "ನಾ ಇದು ಮರ್ತುಬಿಟ್ಟಿದ್ದೆ. ಎಂದೂ ಇದಕ್ಕ ಅದಕ್ಕ ಜೋಡಿಸಿ ನೋಡ್ಲೇ ಇಲ್ಲ. ಅನುರಾಧಾ ಬಂದಿದ್ದು ನಾವು ಉಂಡು ಎದ್ದ ಮ್ಯಾಲ."

ಕುಸುಮಬಾಯಿ ಕಣ್ಣು ಮುಚ್ಚಿಕೊಂಡರು. ಆ ದಿನ ಗಂಡನ ತಾಟಿನಲ್ಲಿ ತಮಗೆಂದು ಏನೂ ಉಳಿದಿರಲಿಲ್ಲ. ಮದುವೆಯಾದಂದಿನಿಂದ ಹಾಗೆ ಆಗಿರಲಿಲ್ಲ. ತಾಟು ಬರಿದಾದುದನ್ನು ನೋಡಿ, ಹಬ್ಬದ ಅಡುಗೆ ಇಷ್ಟು ಹಿಡಿಸಿತೇ ಎಂದು ಹಿಗ್ಗಿದ್ದರು. ಉಪ್ಪಾದ ಸಾರು ತಮ್ಮವಳ ಪಾಲಿಗೆ ಬರಬಾರದೆಂದು ಅವರು ಅಷ್ಟೂ ಉಂಡಿದ್ದರು. ಒಂದು ಮಾತು ಅಂದಿದ್ದರೆ, "ಏನ ಇದು, ಉಪ್ಪಿನ ಡಬ್ಬಿನೇ ಸುರುವಿದಿಯೇನು" ಎಂದು ಒಂದು ಸಲ ರೇಗಿದ್ದರೆ, ಕುಸುಮಬಾಯಿ ಸಾರು ನಾಲ್ಕು ಹನಿ ನಾಲಿಗೆಗೆ ಬಿಟ್ಟು ನೋಡಿರುತ್ತಿದ್ದರು. ನಾಲಿಗೆ ಸತ್ತದ್ದು ತಿಳಿದಿರುತ್ತಿತ್ತು. ಮಗಳಿಗೆ ಫೋನು ಹೋಗಿರುತ್ತಿತ್ತು. ಆಗಲೇ ಅವರಿಗೆ ತಗುಲಿತ್ತೋ ಏನೋ. ಆದರೂ ನಾಲ್ಕು ದಿನ ಮುಂಚೆ ಲಾತೂರು ಸೇರುತ್ತಿದ್ದರೋ ಏನೋ. ಬೈಯದ ಮನುಷ್ಯ. ಬೈಯದೆಯೇ ಹೋದರು.

ರಂಭಾಬಾಯಿ ಎದ್ದು ಬಂದು ಅತ್ತಿಗೆಯ ಎದುರು ಕುಳಿತರು. "ವೈನಿ," ಎಂದರು. ಅತ್ತಿಗೆಯ ಕೈ ಹಿಡಿದುಕೊಂಡರು. "ವೈನಿ, ಅದನ್ನ ತಂದಾಕಿ ಕೈ ಸೇದಿ ಹೋಗ್ಲಿ ಅಂದಿದ್ದೆ. ಅವ್ವ ಸತ್ತಾಗ ನನಗ ಉಣಿಸಿ ಬೆಳಸಿದ ಕೈ ಇದು. ನಿಮಗ ಹತ್ತಿತೇನ್ರೀ ನನ್ನ ಶಾಪ?" ಎಂದು ಕುಸುಮಬಾಯಿಯ ಕೈಯೆಳೆದು ತಮ್ಮ ಕಣ್ಣಿಗೆ ಒತ್ತಿಕೊಂಡರು.

"ನನಗ ಹತ್ತಿಲ್ಲ. ಹತ್ತಿದ್ದು ಆಕೀಗಿ," ಎಂದರು ಕುಸುಮಬಾಯಿ.

ರಂಭಾಬಾಯಿ ಅನುರಾಧಾಳ ಮುಖ ನೋಡಲಾರದೆ ಕುಳಿತರು. ಕೊನೆಗೆ ತಾವೇ ಸರಿಸಿದ್ದ ತಂಬಿಗೆಯನ್ನು ಎಳೆದುಕೊಂಡು, ಎತ್ತಿ, ಗಟಗಟ ಕುಡಿದರು. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು.

ರವಿಕಾಂತನ ತಾಟಿನಲ್ಲಿ ಅನ್ನ ಆರುತ್ತಿತ್ತು. ಅವನು ತಾಟನ್ನು ಎರಡೂ ಕೈಯಿಂದ ಹಿಡಿದು ಸ್ವಲ್ಪ ಮುಂದೆ ಚಾಚಿದ. "ಅನು, ಸಾರು ಹಾಕು."

ಅವಳು ಸೌಟು ತೆಗೆದುಕೊಂಡಳು. ಮೊದಲ ಸೌಟಿನ ಸಾರು ತಾಟಿನ ಅಂಚಿಗೆ ಬಿತ್ತು. ಬಡಿಸಿ, ಪಾತ್ರೆಯನ್ನು ಕೆಳಗಿಟ್ಟು, "ಒಂದು ವರ್ಷ ಆಯ್ತರೀ" ಎಂದಷ್ಟೇ ಹೇಳಿ ಹಿತ್ತಲಿಗೆ ಹೋದಳು. ಅವನು ಉಂಡ. ಅವನ ಅಳುವಿನ ಸದ್ದು ಕೇಳಿದರೂ ಯಾರೂ ಅವನ ಕಡೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಹಸಿರು ಟ್ರಂಕು ಪಡಸಾಲೆಗೆ ಬಂತು. ಅನುರಾಧಾ ಅತ್ತೆಯ ಬಳಿ ಬಂದು ಕುಳಿತಳು.

"ಹೋಗ್ತೀನ್ರೀ ಅತ್ತೀ. ನಿಮ್ಮ ಮ್ಯಾಲ ಏನಿಲ್ಲ. ಆದ್ರ ಅವರು ಒಂದು ಮಾತ್ ಅಂದ ಕೂಡ್ಲೇ ವರ್ಷದ್ದೆಲ್ಲಾ ಹೋಗಲ್ಲ. ನನ್ನ ಕೈ ನನಗ ಹೊಲಸ ಅನಸ್ಲಾಕ ಹತ್ತಿತ್ತು. ತುಸು ದಿನ ಅವ್ವನ ಹತ್ರ ಇದ್ದು ಬರ್ತೀನಿ."

"ಬರ್ತೀನಿ ಅಂದಿ ನೋಡು, ಅಷ್ಟ ಸಾಕು. ಎಷ್ಟು ದಿನ ಬೇಕೋ ಇರು," ಎಂದರು ಕುಸುಮಬಾಯಿ. ದೇವರ ಗೂಡಿನಲ್ಲಿ ಅನುರಾಧಾಳ ವಿಭೂತಿ ಉಂಡೆಯೂ ಪೂಜೆಯ ಪುಟ್ಟ ತಂಬಿಗೆಯೂ ಇದ್ದಲ್ಲೇ ಇರುವುದನ್ನು ಅವರು ಆಗಲೇ ಗಮನಿಸಿದ್ದರು. ಹೊರಗೆ ರವಿಕಾಂತ ಟ್ರಂಕನ್ನು ಹೆಗಲಿಗೇರಿಸಿಕೊಂಡು ನಿಂತಿದ್ದ. ಯೆಣೆಗೂರಿನವರೆಗೂ ತಾನೂ ಬರುತ್ತೇನೆಂದು ಅವನು ಹೇಳಿದಾಗ ಅನುರಾಧಾ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ಕುಸುಮಬಾಯಿ ಬುತ್ತಿ ಕಟ್ಟಲು ಒಳಗೆ ಹೋದರು. ರೊಟ್ಟಿ ಆಗಿತ್ತು, ಜುಣುಕದ ವಡಿ ಆಗಿತ್ತು, ಬದನೆಕಾಯಿ ಪಲ್ಯ ಒಲೆಯ ಮೇಲಿತ್ತು. ಲಿಂಗಕ್ಕೆ ಇನ್ನೂ ತೋರಿಸಿರಲಿಲ್ಲ. ಕುಸುಮಬಾಯಿ ಸೌಟು ಕೈಗೆತ್ತಿಕೊಂಡರು. ನಾಲಿಗೆ ಎಂದೋ ಮರಳಿತ್ತು, ಆದರೆ ಅದರ ಮೇಲಿನ ನಂಬಿಕೆ ಮೊನ್ನೆಯಿಂದ ಹೋಗಿತ್ತು. ಒಂದು ಚೂರು ಪಲ್ಯ ತೆಗೆದು, ಊದಿ ಆರಿಸಲು ಹೋದವರು ತುಟಿಯ ಬಳಿ ತಂದು ತಡೆದು, ಅದನ್ನು ಹಾಗೆಯೇ ಹೊರಗೆ ತಂದು ಸೊಸೆಯ ಅಂಗೈಯಲ್ಲಿಟ್ಟರು.

"ನೋಡು. ಉಪ್ಪು ಹ್ಯಾಂಗ ಆಗ್ಯಾದ ಹೇಳು."

ಅನುರಾಧಾ ಬೆಚ್ಚಿ ನೋಡಿದಳು. "ಪೂಜಾ ಆಗಿಲ್ಲಲ್ರೀ ಅತ್ತೀ. ಎಂಜಲ ಆಗ್ತದ."

"ಆಗ್ಲಿ. ನಿಮ್ಮ ಮಾವನವರಿಗಿ ನಾ ಹೇಳ್ತೀನಿ. ನೀ ಖರೇ ಹೇಳು. ಹೆಸರ ಇಡಬಾರದು ಅಂತ ಮುಚ್ಚಿ ಇಡಬ್ಯಾಡ."

ಅವಳು ಬಾಯಿಗಿಟ್ಟುಕೊಂಡು ನಿಧಾನ ಅಗಿದಳು. ಕಣ್ಣು ತುಂಬಿ ಬಂದು, ಅಗಿಯುವುದನ್ನು ನಿಲ್ಲಿಸಿ, ಮತ್ತೆ ಅಗಿದಳು.

"ಕಮ್ಮಿ ಆಗ್ಯಾದ್ರೀ," ಎಂದಳು. "ಇನ್ನಾ ತುಸು ಬೇಕು."

ಕುಸುಮಬಾಯಿ ಉಪ್ಪು ತರಲು ಒಳಗೆ ಹೋದರು.